ಬೆಟ್ಟದಲ್ಲಿಲ್ಲದ ಜಲಪಾತ

ಮೃತ್ಯುಂಜಯನ ಮನೆಯಲ್ಲಿ ಜಗಳ ಶುರುವಾದದ್ದು ಸಮಯ ಉಳಿದದ್ದರಿಂದ. ಬೇರೆಯವರ ಮನೆಗಳಲ್ಲಿ ಸಮಯ ಸಾಲದೆ ಗಂಡ ಹೆಂಡಿರು ಕಿತ್ತಾಡುತ್ತಾರೆ. ಇಲ್ಲಿ, ಉಳಿಸಿದ ಸಮಯವನ್ನೆಲ್ಲ ಎಲ್ಲಿ ಬಚ್ಚಿಟ್ಟಿದ್ದೀರಿ, ತೆಗೆಯಿರಿ ಈಚೆಗೆ ಎಂದು ಅವನ ಹೆಂಡತಿ ದಾನೇಶ್ವರಿ ಬೆಳಿಗ್ಗೆ ಎಂಟು ಗಂಟೆಗೆ ಲಟ್ಟಣಿಗೆ ಹಿಡಿದು ಕೇಳಿದಳು. (ಲಟ್ಟಣಿಗೆ ಹಿಡಿದದ್ದು ಚಪಾತಿಗೆ. ಆದರೆ ಎದುರಿಗೆ ನಿಂತವನಿಗೆ ಅದು ಹೇಗೆ ಗೊತ್ತಾಗಬೇಕು, ಪಾಪ.)

“ಹೊಸ ಸಾಫ್ಟ್‌ವೇರ್ ಹಾಕಿಸ್ದಾಗ ಏನಂದ್ರಿ? ಹದಿನೈದು ದಿನದ ಕೆಲ್ಸ ಎರಡು ಗಂಟೇಲಿ ಆಗೋಯ್ತದೆ ಅಂದ್ರಿ ತಾನೆ?”

“ಅಂದೆ.”

“ಮಿಕ್ಕ ಹದಿನಾಲ್ಕು ದಿನ ಎಲ್ಲೋದೋ?”

“ಅದು ಹಂಗಲ್ಲ ಕಣೆ ದಾನಿ...”

“ಮುಂಚೆ ಎರಡು ಗಂಟೆಗೆ ಊಟಕ್ಕೆ ಬತ್ತಿದ್ರಿ. ಟೈಮ್ ಉಳಿಸಕ್ಕೆ ಶುರು ಮಾಡಿದ ಮ್ಯಾಲೆ ನಾಲ್ಕಕ್ಕೆ ಬತ್ತೀರಿ. ಇನ್ನೂ ಒಸಿ ಉಳಿಸ್ಬುಟ್ರೆ ನಿಮ್ಮ ಮಖಾನೆ ಮರ್ತೋಯ್ತದೆ ನಂಗೆ.”

ಮೃತ್ಯುಂಜಯ ಚಪಾತಿ ತಿಂದು, ಕೈ ತೊಳೆದು, ಚಾಮರಾಜೇಶ್ವರ ದೇವಸ್ಥಾನದಿಂದ ಎರಡು ಬೀದಿ ಆಚೆಗಿರುವ ತನ್ನ ಡಿಜಿಟಲ್ ಸ್ಟುಡಿಯೋಗೆ ನಡೆದ.

ಸ್ಟುಡಿಯೋಗೂ ಅವನದೇ ಹೆಸರು. ಆ ಹೆಸರಿಗೆ ಚಾಮರಾಜನಗರದಲ್ಲಿ ಒಂದು ತೂಕವಿತ್ತು. ತೀರಿಕೊಂಡವರ ಮಸುಕಾದ ಗುರುತಿನ ಚೀಟಿ ತಂದುಕೊಟ್ಟರೆ ಸಾಕು, ಕೋಟು ತೊಡಿಸಿ, ಕೆನ್ನೆಗೆ ಬಣ್ಣ ತುಂಬಿ, ಬದುಕಿದ್ದಾಗ ಒಂದು ದಿನವೂ ಇರದಿದ್ದ ಆರೋಗ್ಯ ಕೊಟ್ಟು, ಹಾರ ಹಾಕಲು ಸಂಕೋಚವಾಗುವಂತೆ ಮಾಡಿ ಕಳಿಸುತ್ತಿದ್ದ. ಅಪ್ಪ ಅಮ್ಮ ಮುಂದಿನದನ್ನೆಲ್ಲ ತಿಳಿದೇ ಮಗನಿಗೆ ಹೆಸರಿಟ್ಟಿದ್ದರು ಎಂದು ಜನ ಮೆಚ್ಚಿ ಮಾತಾಡಿಕೊಳ್ಳುತ್ತಿದ್ದರು.

ಅವನ ಒಂದೇ ಒಂದು ದೋಷವೆಂದರೆ ಕನಸು. ನೀವು ನಾವು ಫೋಟೋ ನೋಡುತ್ತೇವೆ. ಮೃತ್ಯುಂಜಯ ಫೋಟೋದೊಳಕ್ಕೆ ಇಳಿದು ಹೋಗಿಬಿಡುತ್ತಿದ್ದ. ಹೋದವನು ಬೇಗ ಬರುತ್ತಿರಲಿಲ್ಲ.

ಹರವೆ ಊರಿನ ಒಂದು ಮದುವೆಯ ಕಥೆ ಕೇಳಿ. ಮಂಟಪದ ಹಿಂದೆ ಅರಿಶಿನ ತುಂಬಿದ ಲಾರಿಯೊಂದು ಫೋಟೋದಲ್ಲಿ ಬಿದ್ದಿತ್ತು. ಹೊಸ ಸಾಫ್ಟ್‌ವೇರಿನಲ್ಲಿ ಲಾರಿ ತೆಗೆಯಲು ಮೂರು ಸೆಕೆಂಡು ಸಾಕು. ತೆಗೆದ. ಲಾರಿ ಹೋದ ಜಾಗ ಬೋಳಾಗಿ ಕಂಡಿತು. ಅಲ್ಲೊಂದು ಅರಮನೆ ಇಟ್ಟ. ಅರಮನೆಯ ಕಿಟಕಿಗಳು ಕತ್ತಲಾಗಿದ್ದವು. ಒಂದೊಂದು ಕಿಟಕಿಗೂ ದೀಪ ಹಚ್ಚಿದ. ಇಷ್ಟು ದೀಪ ಹಚ್ಚಿದವರು ಯಾರೋ ಇರಬೇಕಲ್ಲ ಅನ್ನಿಸಿ, ಮಹಡಿಯ ಮೇಲೆ ನಿಂತು ಮದುವೆ ನೋಡುವ ಒಬ್ಬ ರಾಣಿಯನ್ನು ನಿಲ್ಲಿಸಿದ. ರಾಣಿ ಒಂಟಿಯಾಗಿ ಕಂಡಳು. ಅವಳ ದುಃಖ ಏನಿರಬಹುದು ಎಂದು ಯೋಚಿಸುತ್ತ ಕೂತಾಗ, ಗೋಡೆಯ ಮೇಲೆ ಗಂಟೆ ನಾಲ್ಕಾಗಿತ್ತು. ಡಬ್ಬಿಯಲ್ಲಿಟ್ಟ ಮಜ್ಜಿಗೆ ಹುಳಿಯಾಗಿತ್ತು. ಮದುಮಕ್ಕಳ ಮುಖ ಮುಟ್ಟುವುದು ಇನ್ನೂ ಬಾಕಿಯಿತ್ತು.

ಚಂದಕವಾಡಿಯ ಚಿಕ್ಕಮಾದು ಮಗಳ ಮದುವೆ ಆಲ್ಬಂ ಕೇಳಲು ಏಳನೇ ಸಲ ಬಂದಾಗ ಬೈಯಲೂ ಇಲ್ಲ. ಬೆಂಚಿನ ಮೇಲೆ ಕೂತು ನಿಧಾನವಾಗಿ ಹೇಳಿದ.

“ಅಣ್ಣೋ, ಮಗ್ಳಿಗೆ ಬರೋ ವಾರ ಸೀಮಂತ. ಮದ್ವೆ ಫೋಟೋ ಜೊತ್ಗೆ ಅದ್ನೂ ಸೇರ್ಸಿ ಒಂದೇ ಆಲ್ಬಂ ಮಾಡ್ಬುಡು. ಕೂಸು ಸ್ಕೂಲ್ಗೆ ಸೇರೋದ್ರೊಳ್ಗೆ ಕೊಟ್ರೆ ಸಾಕು ಕಣಣ್ಣ.”

“ಇಲ್ಲ ಮಾದಣ್ಣ, ಈಗ ಎಲ್ಲ ಫಾಸ್ಟು. ಹಿಂದೆ ಜನ ಮುಖ ತೊಳ್ಕೊಂಡು ಫೋಟೋಕ್ಕೆ ಬರ್ತಿದ್ರು. ಈಗ ಹಂಗೇ ಬಂದ್ರೂ ನಡೀತದೆ, ಆಮೇಲೆ ನಾನು ತೊಳೀತೀನಿ. ಎಷ್ಟು ಟೈಮ್ ಉಳೀತು ನೋಡು.”

“ಯಾರ್ದು?” ಎಂದ ಚಿಕ್ಕಮಾದು.

ಈ ಪ್ರಶ್ನೆಯನ್ನು ಮೃತ್ಯುಂಜಯ ಕೇಳಿಸಿಕೊಳ್ಳಲಿಲ್ಲ. ಅವನಾಗಲೇ ವಧುವಿನ ರೆಪ್ಪೆಗೂದಲನ್ನು ಒಂದೊಂದಾಗಿ ಎಣಿಸುತ್ತಿದ್ದ.

ಇನ್ನು ದಾನೇಶ್ವರಿಯ ವಿಷಯ. ಅವಳ ತವರು ಗುಂಡ್ಲುಪೇಟೆ. ಚಿಕ್ಕಂದಿನಲ್ಲಿ ಮನೆಯ ಮಹಡಿ ಹತ್ತಿ, ದೂರದ ಗೋಪಾಲಸ್ವಾಮಿ ಬೆಟ್ಟ ಬೆಳಿಗ್ಗೆ ಬೆಳಿಗ್ಗೆ ಮಂಜಿನೊಳಗೆ ಮುಳುಗಿಹೋಗುವುದನ್ನು ನೋಡುತ್ತ ಬೆಳೆದವಳು. ಮದುವೆಯಾದ ಹೊಸತರಲ್ಲಿ ಗಂಡನ ಹತ್ತಿರ ಒಂದೇ ಒಂದು ಆಸೆ ಹೇಳಿಕೊಂಡಿದ್ದಳು. ಆ ಮಂಜಿನಲ್ಲಿ ಇಬ್ಬರೂ ಕೈ ಹಿಡಿದುಕೊಂಡು ಐದು ನಿಮಿಷ ಸುಮ್ಮನೆ ನಿಲ್ಲಬೇಕು. ಒಡವೆ ಕೇಳಲಿಲ್ಲ, ರೇಷ್ಮೆ ಸೀರೆ ಕೇಳಲಿಲ್ಲ. ಐದು ನಿಮಿಷ ಕೇಳಿದಳು.

“ಈ ಆಲ್ಬಂ ಒಂದು ಮುಗೀಲಿ, ಹೋಗನ” ಎಂದಿದ್ದ ಮೃತ್ಯುಂಜಯ. ಅದಾಗಿ ಹನ್ನೊಂದು ವರ್ಷವಾಯಿತು. ಹೊಸ ಸಾಫ್ಟ್‌ವೇರ್ ಬಂದ ದಿನ ಅವನು ಅಡುಗೆಮನೆಗೆ ಓಡಿಬಂದು, ಇನ್ನು ನಮ್ಮ ಕೈತುಂಬ ಸಮಯ ದಾನಿ, ಈ ಶ್ರಾವಣದಲ್ಲಿ ಬೆಟ್ಟ ಖಂಡಿತ ಎಂದಾಗ ಅವಳು ನಂಬಿದ್ದಳು. ಆ ನಂಬಿಕೆಯೇ ಈಗ ಲಟ್ಟಣಿಗೆ ಹಿಡಿದದ್ದು. ಶ್ರಾವಣದ ಎರಡನೇ ವಾರ ಅವರು ಮದುವೆಯಾದ ದಿನ. ಅದಕ್ಕೆ ಇನ್ನು ನಾಲ್ಕೇ ದಿನ ಉಳಿದಿತ್ತು. ಚಿಕ್ಕಮಾದುವಿನ ಮಗಳ ಸೀಮಂತಕ್ಕೂ ಅಷ್ಟೇ ದಿನ, ಅವಳ ಮದುವೆ ಆಲ್ಬಂ ಇನ್ನೂ ಮುಗಿದಿರಲಿಲ್ಲ.

ಸ್ಟುಡಿಯೋದ ಕುರ್ಚಿಯಲ್ಲಿ ಕೂತು ಕಂಪ್ಯೂಟರ್ ಪರದೆಯನ್ನೇ ನೋಡುತ್ತಿದ್ದ ಮೃತ್ಯುಂಜಯನ ತಲೆಯಲ್ಲಿ ಆಗ ಒಂದು ದಿವ್ಯ ವಿಚಾರ ಹೊಳೆಯಿತು. ಬೆಟ್ಟಕ್ಕೆ ಹೋಗಲು ಸಮಯವಿಲ್ಲದಿದ್ದರೆ ಬೆಟ್ಟವನ್ನೇ ಇಲ್ಲಿಗೆ ಕರೆಸಿದರಾಯಿತು! ದಾನಿಗೆ ಬೇಕಾದದ್ದು ಏನು? ಮಂಜು, ಕೈಯೊಳಗೆ ಕೈ, ಐದು ನಿಮಿಷ. ಐದು ನಿಮಿಷವೇನು, ಗೋಡೆಗೆ ಹಾಕಿದರೆ ಆಯುಷ್ಯಪೂರ್ತಿ ನಿಂತಿರಬಹುದು. ಎಷ್ಟು ಸಮಯ ಉಳಿತಾಯ!

ಹುಡುಕಿದಾಗ ಹೋದ ಚಳಿಗಾಲದಲ್ಲಿ ಅವಳು ಶಾಲು ಹೊದ್ದು ಹಾಲಿಗೆ ಹೊರಟಾಗ ತೆಗೆದ ಫೋಟೋ ಒಂದು ಸಿಕ್ಕಿತು. ಒಳ್ಳೆಯ ಫೋಟೋ. ಆದರೆ ಅವಳು ಆ ಕಡೆ ನೋಡುತ್ತಿದ್ದಳು. ಗಂಡನಿರಬೇಕಾದದ್ದು ಈ ಕಡೆ. ಒಂದು ಗುಂಡಿ ಒತ್ತಿದ. ಕನ್ನಡಿಯಲ್ಲಿ ಕಾಣುವ ಹಾಗೆ ಇಡೀ ದಾನೇಶ್ವರಿ ಎಡದಿಂದ ಬಲಕ್ಕೆ ಮಗುಚಿಕೊಂಡಳು. ಹನ್ನೊಂದು ವರ್ಷದಲ್ಲಿ ಇಷ್ಟು ಸುಲಭವಾಗಿ ಅವಳು ಯಾವ ವಿಷಯದಲ್ಲೂ ಮಗುಚಿಕೊಂಡಿರಲಿಲ್ಲ ಎಂದು ಅವನಿಗೆ ಬಹಳ ಸಂತೋಷವಾಯಿತು.

ಪರದೆ ಕಟ್ಟಿ, ಟೈಮರ್ ಇಟ್ಟು, ತನ್ನ ಫೋಟೋ ತಾನೇ ತೆಗೆದುಕೊಂಡು ಅವಳ ಪಕ್ಕಕ್ಕೆ ನಿಲ್ಲಿಸಿದ. ಹಿಂದೆ ಬೆಟ್ಟ ಇಟ್ಟ. ಮಂಜು ಬಿಟ್ಟ. ಬೆಳ್ಳಗೆ, ತೆಳ್ಳಗೆ, ಪದರ ಪದರವಾಗಿ ಬಿಟ್ಟ. ಮಂಜು ಅವನ ಮೇಜಿನ ಮೇಲೆ, ಕೀಬೋರ್ಡಿನ ಸಂದಿಯಲ್ಲಿ, ಅಂಗಿಯ ತೋಳಿನೊಳಗೆ ಹರಿದಾಡಿತು. ಎಲ್ಲೋ ಹುಲ್ಲಿನ ವಾಸನೆ ಬಂತು. ದಾನಿ ಏನೋ ಹೇಳುತ್ತಿದ್ದಾಳೆ, ಗಾಳಿಗೆ ಸರಿಯಾಗಿ ಕೇಳಿಸುತ್ತಿಲ್ಲ, ಅವನು ಹೂಂ ಹೂಂ ಎನ್ನುತ್ತಿದ್ದಾನೆ. ಬಲಗಡೆಯ ಮೂಲೆ ಖಾಲಿ ಕಂಡಿತು. ಅಲ್ಲೊಂದು ಸಣ್ಣ ಜಲಪಾತ ಇಟ್ಟ. ನೀರಿನ ಸದ್ದು ಬೇಕಾಗಿತ್ತು, ಅದೂ ಕೇಳಿದಂತಾಯಿತು. ಜಲಪಾತದ ಹತ್ತಿರ ಒಂದು ಜಿಂಕೆ ತಲೆಯೆತ್ತಿ ಇಬ್ಬರನ್ನೂ ನೋಡಿತು. ಎಂಥ ಸುಖ! ಇದನ್ನು ಬಿಟ್ಟು ಬಸ್ಸಿಗೆ ಕಾಯುವವರು ಯಾರು ಎಂದುಕೊಂಡ.

ಹೀಗೆ ಮೂರು ದಿನ. ಮೂರನೇ ದಿನ ಮಧ್ಯಾಹ್ನ ದಾನೇಶ್ವರಿ ಬುತ್ತಿ ತಂದಾಗ, ಹೊರಗೆ ಸೀಮೆಗಿಲ್ಲದ ಸೆಕೆ. ಒಳಗೆ ಯಜಮಾನರು ಸ್ವೆಟರ್ ತೊಟ್ಟು, ಮಂಕಿ ಕ್ಯಾಪ್ ಹಾಕಿಕೊಂಡು, ಕೈ ಉಜ್ಜಿಕೊಳ್ಳುತ್ತ ಕೂತಿದ್ದರು. ಜ್ವರವೇನೋ ಎಂದು ಅವಳು ಹಣೆ ಮುಟ್ಟಿ ನೋಡಿ, ಬುತ್ತಿ ಇಟ್ಟು ಹೋದಳು.

ಮದುವೆಯ ದಿನ ಬಂತು. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಮೃತ್ಯುಂಜಯ ಬಾಗಿಲಷ್ಟು ದೊಡ್ಡ ಫ್ರೇಮನ್ನು ಬಟ್ಟೆ ಮುಚ್ಚಿ ತಂದು ನಡುಮನೆಯಲ್ಲಿ ನಿಲ್ಲಿಸಿದ. ಸಂಭ್ರಮ ತಡೆಯಲಾರದೆ ಅದೇ ಫೋಟೋವನ್ನು ಅರ್ಧ ಗಂಟೆ ಮುಂಚೆಯೇ ಹೆಂಡತಿಯ ತವರಿನವರ ವಾಟ್ಸಾಪ್ ಗುಂಪಿಗೂ ಹಾಕಿಬಿಟ್ಟಿದ್ದ. ಕೆಳಗೆ “ನಾವಿಬ್ಬರೂ, ನಿನ್ನೆ, ಗೋಪಾಲಸ್ವಾಮಿ ಬೆಟ್ಟದಲ್ಲಿ” ಎಂದು ಬರೆದಿದ್ದ.

ದಾನೇಶ್ವರಿ ಬಟ್ಟೆ ಸರಿಸಿದಳು. ಬಹಳ ಹೊತ್ತು ನೋಡಿದಳು. ಅವಳ ಮುಖ ಮೆತ್ತಗಾಯಿತು.

“ಎಷ್ಟು ಚೆನ್ನಾಗದೆ ಕಣ್ರೀ” ಎಂದಳು. “ಇಂಥ ಮಂಜೇ ನಾನು ಮಹಡಿ ಮ್ಯಾಲಿಂದ ನೋಡ್ತಿದ್ದದ್ದು.”

ಮೃತ್ಯುಂಜಯನ ಎದೆ ಉಬ್ಬಿತು.

“ಈ ಕೈ ಯಾರ್ದು?”

“ಯಾವ ಕೈ?”

“ನನ್ ಕೈ ಹಿಡ್ಕಂಡದಲ್ಲ, ಈ ಉಂಗ್ರದ ಕೈ. ನಿಮ್ಗೆ ಉಂಗ್ರ ಎಲ್ಲದೆ?”

“ಅದಾ... ನಮ್ಮಿಬ್ರುದೂ ಕೈ ಹಿಡ್ಕೊಂಡಿರೋ ಫೋಟೋ ಒಂದೂ ಸಿಕ್ಕಲಿಲ್ಲ ದಾನಿ. ಅದಕ್ಕೆ ಹರವೆ ಮದುಮಕ್ಕಳ ಕೈ ತಗೊಂಡು ಜೋಡಿಸ್ದೆ. ಗೊತ್ತೇ ಆಗಲ್ಲ ನೋಡು, ಚರ್ಮದ ಬಣ್ಣ ಎಷ್ಟು ಚೆನ್ನಾಗಿ ಕೂತದೆ!”

“ಮದ್ವೆ ದಿನ ನನ್ನ ಹರವೆ ಗಂಡಿನ್ ಕೈಗೆ ಕೊಟ್ಬುಟ್ರಾ?”

ಆಗಲೇ ದಾನೇಶ್ವರಿಯ ಫೋನಿನಲ್ಲಿ ಮೆಸೇಜುಗಳು ಸುರಿಯತೊಡಗಿದವು. ಜೋಡಿ ಸೂಪರ್. ದೃಷ್ಟಿ ತೆಗೆಸಿಕೊಳ್ಳಿ. ಜಿಂಕೆ ತುಂಬಾ ಮುದ್ದಾಗಿದೆ. ಓದುತ್ತ ಓದುತ್ತ ಅವಳ ಕೋಪ ಅರ್ಧ ಇಳಿಯಿತು. ಹನ್ನೊಂದು ವರ್ಷದಿಂದ, ನಿಮ್ಮ ಯಜಮಾನ್ರು ನಿನ್ನ ಎಲ್ಲೂ ಕರ್ಕಂಡ್ ಹೋಗಲ್ವಾ ಎಂದು ಕೇಳುತ್ತಿದ್ದವರ ಬಾಯಲ್ಲೇ ಈ ಮಾತು! ಅಷ್ಟರಲ್ಲಿ ಅವಳ ತಾಯಿ ಶಿವರುದ್ರಮ್ಮನ ಧ್ವನಿ ಬಂತು. ಶಿವರುದ್ರಮ್ಮ ಬರೆಯುವುದಿಲ್ಲ, ಫೋನಿನಲ್ಲಿ ಮಾತಾಡಿ ಕಳಿಸುತ್ತಾರೆ.

“ಏನಮ್ಮಿ ದಾನಿ, ನಮ್ಮ ಮನೆ ಬಾಗ್ಲು ಮುಂದ್ಲಿಂದ್ಲೆ ಓಗಿ, ಅಂಗೇ ವಾಪಸ್ ಬಂದ್ಬುಟ್ರಾ? ಒಂದು ಲೋಟ ನೀರ್ ಕುಡಿಯಕ್ಕೂ ಇಳೀನಿಲ್ವಾ? ಮದ್ವೆ ದಿವ್ಸಕ್ಕೆ ಅಂತ ಮಗ್ಳು ಊರ್ ಮೇಲ್ ಬಂದ್ರೆ ಒಂದಿಷ್ಟು ಕುಂಕ್ಮ, ಒಂದು ಕುಪ್ಸದ ಬಟ್ಟೆ ಕೊಡೋ ಯೋಗ್ಯತೇನೂ ಇಲ್ವಾ ನಮ್ಗೆ? ನಿಮ್ಮಪ್ಪ ಬೆಳಿಗ್ಗಿಂದ ಕಾಪಿ ಕುಡ್ದಿಲ್ಲ.”

ಇಬ್ಬರೂ ನಿಂತಲ್ಲೇ ನಿಂತರು. ಚಾಮರಾಜನಗರದಿಂದ ಬೆಟ್ಟಕ್ಕೆ ಹೋಗುವುದು ಗುಂಡ್ಲುಪೇಟೆಯ ಮೇಲೆ. ಗುಂಡ್ಲುಪೇಟೆಗೆ ಬರುವ ಪ್ರತಿ ಬಸ್ಸೂ ತಿರುಗುವುದು ದಾನೇಶ್ವರಿಯ ತವರಿನ ಜಗಲಿಯ ಮುಂದೆ. ಆ ಜಗಲಿಯ ಮೇಲೆ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತಿರುವವರು ಅವಳ ತಂದೆ ಮರಿಮಲ್ಲಪ್ಪ. ಮಂಜು, ಜಲಪಾತ, ಜಿಂಕೆ ಎಲ್ಲವನ್ನೂ ಇಟ್ಟ ಮೃತ್ಯುಂಜಯ ಮಾವನನ್ನು ಇಡಲು ಮರೆತಿದ್ದ.

ಹಿಂದೆಯೇ ಶಿವರುದ್ರಮ್ಮನದೇ ಇನ್ನೊಂದು ಧ್ವನಿ ಬಂತು. “ಇನ್ನೊಂದ್ ವಿಸ್ಯ. ನಿಮ್ಮಪ್ಪ ಕಣ್ಣಿನ್ ಆಸ್ಪತ್ರೆಗ್ ಓಯ್ತೀನಿ ಅಂತ ಅಂಗಿ ಹಾಕ್ಕಂಡವ್ರೆ. ಮಗ್ಳು ಓಗೋ ಬಸ್ಸೇ ಕಾಣದಂಗೆ ಆಗ್ಬುಡ್ತಲ್ಲ ನನ್ ಕಣ್ಣು ಅಂತ ಕುಂತವ್ರೆ.”

ದಾನೇಶ್ವರಿಯ ಕಣ್ಣಲ್ಲಿ ನೀರು ಬಂತು. ಮೃತ್ಯುಂಜಯ ಅವಳ ಫೋನಿಗೆ ಕೈ ಚಾಚಿದ.

“ನಿಜ ಹೇಳ್ಬಿಡ್ಲಾ?” ಎಂದ.

“ಏನಂತ? ನನ್ ಗಂಡ ನನ್ನ ಕರ್ಕಂಡೋಗ್ನಿಲ್ಲ, ಕತ್ತರಿಸಿ ಅಂಟಿಸ್ದ ಅಂತಾನಾ? ಕೈ ಮಾತ್ರ ಹರವೆಯೋರ್ದು ಅಂತಾನಾ? ಬ್ಯಾಡ. ಮನೆಗ್ ಬರದೆ ಓದೋಳು ಅಂತ ಬೈಸ್ಕೋತೀನಿ, ಅದಾದ್ರೂ ಮರ್ಯಾದೆ. ನಡೀರಿ ಈಗ್ಲೇ. ಕಾಲಿಗ್ ಬಿದ್ದು, ಬಸ್ ಸಿಕ್ಕಲ್ಲ ಅಂತ ಅರ್ಜೆಂಟಲ್ಲಿ ಬಂದ್ಬುಟ್ವು ಅನ್ನನ.”

“ಚಿಕ್ಕಮಾದು ಆಲ್ಬಂ...”

ದಾನೇಶ್ವರಿ ನೋಡಿದ ನೋಟಕ್ಕೆ ಆಲ್ಬಂ ಎಂಬ ಶಬ್ದದ ಕೊನೆಯ ಅಕ್ಷರ ಅವನ ಗಂಟಲಲ್ಲೇ ಉಳಿಯಿತು.

ತೆರಕಣಾಂಬಿ ದಾಟುತ್ತಿದ್ದಂತೆ ಬಸ್ಸಿನ ಎರಡೂ ಕಡೆ ಚೆಂಡುಹೂವಿನ ಹೊಲಗಳು ಅರಳಿ ನಿಂತಿದ್ದವು. ಹಳದಿ, ಕೇಸರಿ, ಮತ್ತೆ ಹಳದಿ. ಕೇರಳದ ಕಾರಿನವರು ಅಲ್ಲಲ್ಲಿ ಇಳಿದು ಹೂವಿನ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮೃತ್ಯುಂಜಯ ಕಿಟಕಿಗೆ ತಲೆ ಕೊಟ್ಟು ನೋಡಿದ. ಆ ಹಳದಿಯನ್ನು ಒಂದು ಚೂರು ಇಳಿಸಬೇಕು, ಆ ಕರೆಂಟ್ ಕಂಬ ತೆಗೆಯಬೇಕು, ಅಲ್ಲೊಂದು ನವಿಲು ಕೂರಿಸಿದರೆ... ಅವನ ಬೆರಳು ತಾನಾಗಿ ಬಸ್ಸಿನ ಗಾಜಿನ ಮೇಲೆ ಕಂಬವನ್ನು ಉಜ್ಜತೊಡಗಿತು. ಕಂಬ ಹೋಗಲಿಲ್ಲ. ದಾನೇಶ್ವರಿ ಮೊಣಕೈಯಲ್ಲಿ ತಿವಿದಳು.

ಜಗಲಿಯ ಮೇಲೆ ಮರಿಮಲ್ಲಪ್ಪ ಕೂತಿದ್ದರು. ಆಸ್ಪತ್ರೆಗೆ ಹೋಗಿ ಬಂದಾಗಿತ್ತು. ಇಬ್ಬರೂ ಕಾಲಿಗೆ ಬಿದ್ದರು. ಅರ್ಜೆಂಟು, ಬಸ್ಸು, ಸಮಯ ಎಂದು ಮೃತ್ಯುಂಜಯ ಬಾಯಿಪಾಠ ಒಪ್ಪಿಸಿದ. ಮರಿಮಲ್ಲಪ್ಪ ಹೂಂ ಎಂದರು. ಶಿವರುದ್ರಮ್ಮ ಬೈದು, ಅತ್ತು, ಪಾಯಸ ಬಡಿಸಿದರು. ಎಲ್ಲ ಸುಸೂತ್ರವಾಯಿತು ಎಂದುಕೊಳ್ಳುವಾಗ ಮಾವನವರು ಕೈ ತೊಳೆದು ಬಂದು ಕೇಳಿದರು.

“ಅಳಿಯಂದ್ರೇ, ನಂಗೆ ಎಪ್ಪತ್ತೆರಡು ವರ್ಷ. ಎತ್ತಿನ್ ಗಾಡೀಲಿ ಓಯ್ತಿದ್ದ ಕಾಲದಿಂದ್ಲೂ ಆ ಬೆಟ್ಟ ಹತ್ತಿವ್ನಿ. ನೀವು ನಿಂತಿದ್ರಲ್ಲ, ಆ ಜಲಪಾತ, ಅದ್ ಮಾತ್ರ ನಾನು ನೋಡ್ನಿಲ್ಲ. ನಡೀರಿ, ತೋರಿಸ್ಬುಡಿ.”

ಪಾಯಸದ ಗೋಡಂಬಿ ಮೃತ್ಯುಂಜಯನ ಗಂಟಲಲ್ಲಿ ನಿಂತಿತು.

ಮೇಲೆ ಚಳಿ ಎಂದು ಶಿವರುದ್ರಮ್ಮ ಮಗಳಿಗೂ ಗಂಡನಿಗೂ ಒಂದೊಂದು ಕಂದು ಶಾಲು ಕೊಟ್ಟರು. ಎರಡೂ ಒಂದೇ ಅಂಗಡಿಯಲ್ಲಿ, ಒಂದೇ ದಿನ ಕೊಂಡವು. (ಈ ಶಾಲುಗಳನ್ನು ಮರೆಯಬೇಡಿ. ಮೃತ್ಯುಂಜಯ ಮರೆತ.)

ಬೆಟ್ಟದ ಬುಡದಲ್ಲಿ ಸರ್ಕಾರಿ ಬಸ್ಸು ಹತ್ತಿ, ತಿರುವು ತಿರುವಾಗಿ ಮೇಲೇರುವಾಗ ಅವನು ಮನಸ್ಸಿನಲ್ಲೇ ಹರಕೆಗಳನ್ನು ಕಟ್ಟಿಕೊಂಡ. ಸ್ವಾಮಿ ಕೈ ಬಿಡಲಿಲ್ಲ. ಮೇಲೆ ಇಳಿದರೆ ಮಂಜು! ಎಂಥ ಮಂಜೆಂದರೆ ಹತ್ತಿ ಬಂದ ಬಸ್ಸೇ ಹತ್ತು ಹೆಜ್ಜೆಗೆ ಮಾಯವಾಯಿತು. ದೇವಸ್ಥಾನ ಇಲ್ಲ, ಮೆಟ್ಟಿಲು ಇಲ್ಲ, ಆಕಾಶ ಇಲ್ಲ. ಎಲ್ಲಿಂದಲೋ ಗಂಟೆಯ ಸದ್ದು ಮಾತ್ರ ತೇಲಿ ಬರುತ್ತಿತ್ತು. ಮೃತ್ಯುಂಜಯ ಧೈರ್ಯವಾಗಿ ಎತ್ತಲೋ ಕೈ ತೋರಿಸಿದ.

“ಅಲ್ಲೇ ಮಾವ, ಜಲಪಾತ. ಛೆ, ಇವತ್ತೇ ಮಂಜು ಮುಚ್ಚಬೇಕಾ!”

“ಅಂಗಾ” ಎಂದರು ಮರಿಮಲ್ಲಪ್ಪ. “ನಿಧಾನಕ್ಕೆ ನೋಡನ ಬುಡಿ.” ಎಂದು ಆ ಕಡೆಗೇ ನಡೆದರು. ದಾನೇಶ್ವರಿ ಪ್ರಸಾದ ತರುತ್ತೇನೆಂದು ಗಂಟೆಯ ಸದ್ದಿನತ್ತ ಹೋದಳು.

ಮೃತ್ಯುಂಜಯ ಒಬ್ಬನೇ ನಿಂತ. ಮಂಜು ಅವನ ಕೆನ್ನೆ ಸವರಿತು. ತಣ್ಣಗಿತ್ತು, ಒದ್ದೆಯಾಗಿತ್ತು. ಅವನು ಮೂರು ದಿನ ಕೂತು ಮಾಡಿದ ಮಂಜು ಹೀಗೆ ಒದ್ದೆಯಾಗಿರಲಿಲ್ಲ. ಇದು ಒಂದೆಡೆ ನಿಲ್ಲುತ್ತಿರಲಿಲ್ಲ, ಹರಿಯುತ್ತಿತ್ತು, ಕರಗುತ್ತಿತ್ತು, ಮತ್ತೆ ಎಲ್ಲಿಂದಲೋ ಹುಟ್ಟುತ್ತಿತ್ತು. ಕಾಲ ಕೆಳಗಿನ ಹುಲ್ಲು ಕಾಣುತ್ತಿತ್ತು, ಮುಂದಿನದು ಕಾಣುತ್ತಿರಲಿಲ್ಲ. ಅವನಿಗೆ ತಾನು ಎಚ್ಚರದಲ್ಲಿದ್ದೇನೋ ಫೋಟೋದಲ್ಲಿದ್ದೇನೋ ತಿಳಿಯದಾಯಿತು. ಎಷ್ಟು ವರ್ಷದಿಂದ ಇದು ಇಲ್ಲೇ ಇತ್ತಲ್ಲ, ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಸಿಗುವಷ್ಟು ಹತ್ತಿರ!

ಆಗ ಮಂಜಿನೊಳಗೆ ಕಂದು ಶಾಲು ಕಂಡಿತು. ತಲೆಯ ಮೇಲಿಂದ ಹೊದ್ದು, ಬೆನ್ನು ತಿರುಗಿಸಿ ನಿಂತಿತ್ತು. ಮೃತ್ಯುಂಜಯ ಹಗುರವಾಗಿ ಪಕ್ಕಕ್ಕೆ ಹೋಗಿ ನಿಂತು, ಶಾಲಿನೊಳಗಿದ್ದ ಕೈ ಹಿಡಿದುಕೊಂಡ. ಹನ್ನೊಂದು ವರ್ಷದ ಮನೆಗೆಲಸದಲ್ಲಿ ಈ ಕೈ ಎಷ್ಟು ಒರಟಾಗಿದೆ ಎಂದು ಅವನಿಗೆ ಇನ್ನಷ್ಟು ದುಃಖವಾಯಿತು.

“ದಾನಿ, ಏನೂ ಮಾತಾಡಬೇಡ. ನಾನು ಹೇಳ್ತೀನಿ ಕೇಳು. ಆ ಫೋಟೋಗೆ ಮೂರು ದಿನ ಕೂತಿದ್ದೆ. ಬಸ್ಸಲ್ಲಿ ಬಂದಿದ್ರೆ ಮೂರು ಗಂಟೆ ಆಗ್ತಿತ್ತು. ಟೈಮ್ ಉಳಿಸ್ತೀನಿ ಉಳಿಸ್ತೀನಿ ಅಂತ ನಿನ್ನ ಹನ್ನೊಂದು ವರ್ಷ ಕಾಯಿಸ್ದೆ. ನಾನೊಬ್ಬ ಕತ್ತೆ. ಇನ್ಮೇಲೆ ನಿನ್ನ ಈ ಕೈ ಬಿಡಲ್ಲ. ಒಂದೇ ಒಂದು ಉಪಕಾರ ಮಾಡು. ಜಲಪಾತ ಸುಳ್ಳು ಅಂತ ನಿಮ್ಮಪ್ಪನಿಗೆ ಗೊತ್ತಾಗೋದ್ರೊಳಗೆ ಆ ಮುದುಕನ್ನ ಹೆಂಗಾದ್ರೂ ಮಾಡಿ ಬಸ್ ಹತ್ತಿಸ್ಬಿಡು.”

ಕೈ ಬಿಡಿಸಿಕೊಳ್ಳಲಿಲ್ಲ.

“ಮುದುಕನ್ನ ಹತ್ಸದಿರ್ಲಿ,” ಎಂದಿತು ಶಾಲು, ಗೊಗ್ಗರು ಧ್ವನಿಯಲ್ಲಿ. “ನೀವು ಕೈ ಬುಟ್ರೆ ಅವ್ನೇ ಹತ್ತನೆ.”

ಮೃತ್ಯುಂಜಯನ ಪ್ರಾಣ ಹಾರಿಹೋಗಲಿಲ್ಲ, ಹೆಸರಿನ ಬಲ. ಉಳಿದದ್ದೆಲ್ಲ ಹಾರಿಹೋಯಿತು. ಮರಿಮಲ್ಲಪ್ಪ ಶಾಲು ಸರಿಸಿದರು. ಅವರ ಮುಖದಲ್ಲಿ ಕೋಪ ಇರಲಿಲ್ಲ.

“ನಂಗೆ ಬೆಳಿಗ್ಗೇನೇ ಗೊತ್ತಾಯ್ತು ಅಳಿಯಂದ್ರೇ. ಡಾಕ್ಟ್ರು ನನ್ ಕಣ್ಣು ನೋಡಿ, ಅಜ್ಜ, ಹುಡುಗ್ರ ಕಣ್ಣಿದ್ದಂಗದೆ ಅಂದ್ರು. ಕಣ್ಣು ಸರಿಯಾಗಿದ್ಮೇಲೆ ಫೋಟೋ ತಾನೆ ತಪ್ಪಿರ್ಬೇಕು? ಇನ್ನೊಂದ್ ಸಲ ನೋಡ್ದೆ. ನನ್ ಮಗಳ ಮೂಗುಬೊಟ್ಟು ಇರೋ ಕಡೆ ಬುಟ್ಟು ಇನ್ನೊಂದ್ ಕಡೆಗ್ ಓಗಿತ್ತು. ಅದರ ಮೂಗು ಚುಚ್ಚಿಸ್ದೋನು ನಾನು. ಐದು ವರ್ಷದ ಕೂಸು, ನನ್ ತೊಡೆ ಮ್ಯಾಲೆ ಕುಂತು ಬೀದಿ ಕೇಳಂಗೆ ಕಿರುಚ್ತು. ನಂಗೆ ಮರೆತದಾ? ನಿಮ್ಮತ್ತೆಗೆ ಯೋಳಿಲ್ಲ ಬುಡಿ.”

“ತಪ್ಪಾಯ್ತು ಮಾವ.”

“ಅದಿರ್ಲಿ. ಈಗ ನೀವ್ ಯೋಳಿ. ದಾನಿ ಮೂಗುಬೊಟ್ಟು ಯಾವ ಕಡೆ ಅದೆ?”

ಮೃತ್ಯುಂಜಯ ಬಾಯಿ ತೆರೆದ. ಹರವೆಯ ವಧುವಿನದು ಎಡಗಡೆ, ಏಳು ಹರಳು. ಚಂದಕವಾಡಿಯವಳದು ಬಲಗಡೆ, ಒಂಟಿ ಮುತ್ತು. ಹದಿನೆಂಟು ವರ್ಷದಲ್ಲಿ ಅವನು ಒರೆಸಿ, ತಿದ್ದಿ, ಹೊಳಪು ಕೊಟ್ಟ ಮೂಗುಗಳೆಲ್ಲ ಮಂಜಿನಲ್ಲಿ ಸಾಲಾಗಿ ತೇಲಿಬಂದವು. ದಾನೇಶ್ವರಿಯ ಮೂಗು ಬರಲಿಲ್ಲ. ಕೈ ಮೆಲ್ಲಗೆ ಜೇಬಿನತ್ತ ಹೋಯಿತು.

“ಫೋನ್ ಇತ್ಲಾಗ್ ಕೊಡಿ” ಎಂದು ಮಾವ ಕೈ ಚಾಚಿದರು. “ಹೆಗಲ್ ಮ್ಯಾಲಿರೋ ಕ್ಯಾಮರಾನೂ.”

ಎರಡೂ ಕೊಟ್ಟ. ಅಷ್ಟರಲ್ಲಿ ಎರಡು ದೊನ್ನೆ ಪೊಂಗಲ್ ಹಿಡಿದು ದಾನೇಶ್ವರಿ ಮಂಜಿನಿಂದ ಈಚೆ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. ಅವಳು ಮುಖ ಮರೆಯಾಗುವಂತೆ, ಕಣ್ಣೆರಡು ಮಾತ್ರ ಕಾಣುವಂತೆ ಶಾಲು ಸುತ್ತಿಕೊಂಡಿದ್ದಳು. ಒಂದು ದೊನ್ನೆ ತಂದೆಗೆ ಕೊಟ್ಟಳು. ಇನ್ನೊಂದನ್ನು ತಾನೇ ಶಾಲಿನೊಳಗೆ ಸೇರಿಸಿಕೊಂಡು ತಿಂದಳು.

ಇಳಿಯುವ ಬಸ್ಸಿನಲ್ಲಿ ಮರಿಮಲ್ಲಪ್ಪ ಮುಂದಿನ ಸೀಟಿನಲ್ಲಿ ಕೂತರು. ಹಿಂದೆ ಗಂಡ ಹೆಂಡತಿ. ಐದನೇ ತಿರುವಿನಲ್ಲಿ ಮಂಜು ಹರಿದು ಕೆಳಗಿನ ಕಾಡು ಹಸಿರಾಗಿ ತೆರೆದುಕೊಂಡಿತು. ದಾನೇಶ್ವರಿಯ ಮನಸ್ಸೂ ಕೊಂಚ ತೆರೆಯಿತು.

“ಆ ಮಾತೆಲ್ಲ ನಂಗೇ ಯೋಳಿದ್ದಾ?” ಎಂದಳು ಮೆಲ್ಲಗೆ.

“ನಿಂಗೇ. ಅಡ್ರೆಸ್ ತಪ್ಪೋಯ್ತು ಅಷ್ಟೆ.”

ಶಾಲಿನೊಳಗೆ ನಗು ಬಂದದ್ದು ಕಣ್ಣಲ್ಲಿ ಗೊತ್ತಾಯಿತು. “ಸರಿ, ಕೊನೇ ಚಾನ್ಸು. ಒಂದ್ ಸಲ ಶಾಲು ಇಳಿಸ್ತೀನಿ. ನೋಡಿ ಯೋಳ್ಬೇಕು. ಅಂಗೇ ಒಂದು ಸೆಲ್ಫಿನೂ ಆಗೋಗ್ಲಿ, ನಿಜವಾಗ್ಲೂ ಬಂದಿದ್ದಕ್ಕೆ ಗುರ್ತು.” ಎಂದು ತನ್ನ ಫೋನನ್ನು ಮುಂದಕ್ಕೆ ಹಿಡಿದು, ಶಾಲನ್ನು ಗಲ್ಲದವರೆಗೆ ಎಳೆದಳು.

ಮುಂದಿನ ಸೀಟಿನಲ್ಲಿ ಮರಿಮಲ್ಲಪ್ಪ ಉಸಿರು ಬಿಗಿಹಿಡಿದು ತಿರುಗಿದರು.

ಅವಳು ಪಕ್ಕದಲ್ಲೇ ಇದ್ದಳು. ಭುಜಕ್ಕೆ ಭುಜ ತಾಗುತ್ತಿತ್ತು. ಕುತ್ತಿಗೆ ಒಂದಿಷ್ಟು ತಿರುಗಿಸಿದ್ದರೆ ಸಾಕಾಗಿತ್ತು. ಆದರೆ ಎದುರಿಗೆ ಪರದೆಯೊಂದು ಬೆಳಗುತ್ತಿರುವಾಗ ಬೇರೆ ಕಡೆ ನೋಡಿ ಮೃತ್ಯುಂಜಯನಿಗೆ ಅಭ್ಯಾಸವೇ ಇರಲಿಲ್ಲ. ಪರದೆಯಲ್ಲಿ ಮೂಗುಬೊಟ್ಟು ಬಲಗಡೆಗೆ ಮಿನುಗಿತು. ಅವನ ಹದಿನೆಂಟು ವರ್ಷದ ವಿದ್ಯೆ ಎಚ್ಚೆತ್ತಿತು. ಫೋಟೋದಲ್ಲಿ ನಮ್ಮ ಬಲಕ್ಕೆ ಕಂಡದ್ದು ಎದುರಿನವರ ಎಡ. ಯಾವ ಹಳ್ಳಿಗನಿಗೆ ತಿಳಿದೀತು ಈ ಸೂಕ್ಷ್ಮ! ಸೆಲ್ಫಿ ತೆಗೆಯುವಾಗ ಫೋನು ಕನ್ನಡಿಯ ಹಾಗೆ ತೋರಿಸುತ್ತದೆ, ಬಲದ್ದು ಬಲಕ್ಕೇ ಕಾಣುತ್ತದೆ ಎಂಬುದು ಆ ಮಹಾಪಂಡಿತನಿಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ.

“ಎಡ!” ಎಂದ, ಇಡೀ ಬಸ್ಸಿಗೆ ಕೇಳುವಂತೆ.

ಮರಿಮಲ್ಲಪ್ಪ ಮುಂದಕ್ಕೆ ತಿರುಗಿ ಕೂತರು. ದಾನೇಶ್ವರಿ ತಡೆಯಲಾರದೆ ನಕ್ಕಳು. ಬಿದ್ದು ಬಿದ್ದು ನಕ್ಕಳು. ಶಾಲು ಜಾರಿತು. ಆಗ, ಆಗ ಮಾತ್ರ, ಮೃತ್ಯುಂಜಯ ಗಾಬರಿಯಾಗಿ ಅವಳ ಕಡೆಗೆ ತಿರುಗಿದ. ಬಲಗಡೆ. ಕಡಲೆಕಾಳಿನಷ್ಟೂ ಇಲ್ಲದ ಒಂದು ಕೆಂಪು ಹರಳು. ಪಕ್ಕದಲ್ಲಿ ನಕ್ಕಾಗ ಮಾತ್ರ ಬೀಳುವ ಒಂದು ಗೆರೆ. ರೆಪ್ಪೆಯ ಮೇಲೆ ಬೆಟ್ಟದ ಮಂಜಿನ ಒಂದೆರಡು ಹನಿ ಇನ್ನೂ ಆರಿರಲಿಲ್ಲ. ತಿದ್ದಲು ಅಲ್ಲಿ ಏನೂ ಇರಲಿಲ್ಲ. ಅವನು ನೋಡುತ್ತಲೇ ಕೂತ. ನಗುವಿನಲ್ಲಿ ಅವಳ ಬೆರಳು ಎಲ್ಲಿ ತಾಗಿತೋ, ಫೋನು ಕ್ಲಿಕ್ ಎಂದಿತು.

ಅವಳು ಅದನ್ನು ಹಾಗೇ ಗುಂಪಿಗೆ ಕಳಿಸಿದಳು. ಬುಡ ತಲುಪಿ ಬಸ್ಸು ನಿಲ್ಲುವಷ್ಟರಲ್ಲಿ ಶಿವರುದ್ರಮ್ಮನ ಧ್ವನಿ ಬಂದಿತ್ತು. ದಾನೇಶ್ವರಿ ಬಸ್ಸಿನವರೆಲ್ಲ ಕೇಳುವ ಹಾಗೆ ಜೋರಾಗಿ ಹಾಕಿದಳು.

“ಅಮ್ಮಿ, ಬೆಳಿಗ್ಗೆ ಹಾಕಿದ್ರಲ್ಲ, ಜಲಪಾತ, ಜಿಂಕೆ, ಅದು ಸೊಗಸಾಗಿತ್ತು ಕಣಮ್ಮಿ. ಇದ್ಯಾಕೋ ಎಡಿಟಿಂಗ್ ಮಾಡ್ದಂಗದೆ. ಅಳಿಯಂದ್ರು ಯಾವತ್ತು ಅಂಗೆ ನಿನ್ ಮಖ ನೋಡ್ಕಂಡು ಕುಂತವ್ರೆ? ಯಾರೋ ಬ್ಯಾರೆಯೋರ್ ತಲೆ ತಂದು ಅಂಟಿಸವ್ರೆ ಅನ್ಸ್ತದೆ. ಒಸಿ ಸರಿಯಾಗಿ ಮಾಡಕ್ ಯೋಳು.”